ಸಮಾಧಿ ಯಾಕೆ ಅಷ್ಟು ದೂರ?

ಮೊದಲ ಮಹಾಯುದ್ಧದಲ್ಲಿ ಮಡಿದ ಮುತ್ತಜ್ಜನನ್ನು ಹುಡುಕಿಕೊಂಡು ಫ್ರಾನ್ಸ್‌ನ ನವ್ ಶಪೆಲ್‌ಗೆ ಹೋದವರಿಗೆ ಅಲ್ಲಿ ಸಿಗುವುದು ಗೋರಿಯಲ್ಲ, ಗೋಡೆ. ಸುಮಾರು 15 ಮೀಟರ್ ಎತ್ತರದ ಕಂಬ, ಅದರ ತುದಿಯಲ್ಲಿ ಕಮಲ, ಪಕ್ಕದಲ್ಲಿ ಕಲ್ಲಿನ ಹುಲಿಗಳು. ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಅಜ್ಜನ ಹೆಸರೊಂದೇ ಗೊತ್ತಿದ್ದರೆ ಸಾಲದು, ಯಾವ ಪಲ್ಟನ್ ಎಂಬುದೂ ಗೊತ್ತಿರಬೇಕು. ಇಂಗ್ಲಿಷ್ ಗುಮಾಸ್ತ ಆ ಹೆಸರನ್ನು ಹೇಗೆ ಬರೆದುಕೊಂಡಿದ್ದಾನೋ ಅದು ಬೇರೆ ಕಥೆ.

ಸತ್ತವರನ್ನು ಊರಿಗೆ ಯಾಕೆ ತರಲಿಲ್ಲ? ಆರಂಭದಲ್ಲಿ ಬ್ರಿಟಿಷರು ತರುತ್ತಿದ್ದರು, ಆದರೆ ಕೈಯಲ್ಲಿ ಕಾಸಿದ್ದವರಷ್ಟೇ. 1915ರ ಏಪ್ರಿಲ್‌ನಲ್ಲಿ ಹಿಂದಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅವರ ಮೊಮ್ಮಗ ಫ್ರಾನ್ಸ್‌ನಲ್ಲಿ ಮಡಿದಾಗ ಮನೆಯವರು ಶವವನ್ನು ಹೊರತೆಗೆಸಿ ತವರಿಗೆ ತಂದರು. ಕೂಲಿಯವನ ಮಗನಿಗೆ ಆ ಭಾಗ್ಯವೆಲ್ಲಿ? ರೆಡ್‌ಕ್ರಾಸ್ ತಂಡದೊಂದಿಗೆ ರಣರಂಗದಲ್ಲಿದ್ದು ಸಮಾಧಿಗಳ ಲೆಕ್ಕ ಬರೆದಿಡುತ್ತಿದ್ದ ಫೇಬಿಯನ್ ವೇರ್‌ಗೆ ಇದು ಸರಿಕಾಣಲಿಲ್ಲ. ಶವ ಸಾಗಣೆಗೆ ನಿಷೇಧ ಬಂತು. 1917ರಲ್ಲಿ ಹುಟ್ಟಿದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧ ಸಮಾಧಿ ಆಯೋಗ ಯುದ್ಧ ಮುಗಿದ ಮೇಲೂ ಆ ನಿಷೇಧವನ್ನು ಬಿಡಲಿಲ್ಲ. ಜನರಲ್ ಆಗಲಿ ಸಿಪಾಯಿಯಾಗಲಿ, ಒಂದೇ ಅಳತೆಯ ಕಲ್ಲು.

ತಾಯಂದಿರು ಸುಮ್ಮನಿರಲಿಲ್ಲ. ಮಗನ ಸಮಾಧಿಯ ಮೇಲೆ ನಮಗೆ ಬೇಕಾದ ಶಿಲುಬೆ ಇಡಲಾದರೂ ಬಿಡಿ ಎಂದು ಸಾವಿರಾರು ಜನ ಸಹಿ ಹಾಕಿದರು. 1920ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಚರ್ಚೆಯಾಯಿತು, ಆಯೋಗದ ಮಾತೇ ಗೆದ್ದಿತು. ಮನೆಯವರ ಪಾಲಿಗೆ ಉಳಿದದ್ದು ಕಲ್ಲಿನ ಬುಡದಲ್ಲೊಂದು ಸಾಲು, ಅದೂ 66 ಅಕ್ಷರಗಳ ಮಿತಿಯಲ್ಲಿ. ಹೀಗೆ ಸಮಾಧಿಯ ಯಾತ್ರೆ ಶುರುವಾಯಿತು. ಅಲ್ಲಿಯವರೆಗೆ ಹೋಗಲು ಗತಿಯಿಲ್ಲದವರನ್ನು ಧರ್ಮಸಂಸ್ಥೆಗಳು ಕರೆದುಕೊಂಡು ಹೋದವು. ಅಮೆರಿಕದಲ್ಲಿ ಮಾತ್ರ ಶವ ತರಿಸಿಕೊಳ್ಳುವುದು ಮನೆಯವರ ಇಷ್ಟ. ಅಲ್ಲೇ ಬಿಟ್ಟವರ ತಾಯಂದಿರನ್ನೂ ವಿಧವೆಯರನ್ನೂ 1930ರಿಂದ 1933ರವರೆಗೆ ಸರ್ಕಾರವೇ ಹಡಗಿನಲ್ಲಿ ಕಳಿಸಿತು. ಕಪ್ಪು ತಾಯಂದಿರಿಗೆ ಮಾತ್ರ ಬೇರೆ ಹಡಗು!

ನಮ್ಮವರ ಮಾತಿಗೆ ಬಂದರೆ ಆ ‘ಒಂದೇ ಅಳತೆ’ ಎಲ್ಲ ಕಡೆ ನಿಲ್ಲಲಿಲ್ಲ. ಹಿಂದೂ, ಸಿಖ್ ಸಿಪಾಯಿಗಳನ್ನು ದಹನ ಮಾಡಿದಲ್ಲಿ ಗೋರಿಯ ಪ್ರಶ್ನೆಯೇ ಇಲ್ಲ, ಹೆಸರೇ ಸಮಾಧಿ. ಆ ಹೆಸರನ್ನಾದರೂ ಕೆತ್ತಿದರೇ? ಫ್ರಾನ್ಸ್‌ನಲ್ಲಿ ಕೆತ್ತಿದರು. ಪೂರ್ವ ಆಫ್ರಿಕಾದಲ್ಲಿ, ಈಜಿಪ್ಟ್‌ನಲ್ಲಿ ಮಡಿದ ಎಷ್ಟೋ ಆಫ್ರಿಕನ್ನರ, ಏಷ್ಯನ್ನರ ಹೆಸರು ಕಲ್ಲಿಗೆ ಏರಲೇ ಇಲ್ಲ. 2021ರಲ್ಲಿ ಆಯೋಗವೇ ಇದನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಕನಿಷ್ಠ 1,16,000 ಜನರಿಗೆ ಹೆಸರಿನ ಗುರುತಿಲ್ಲ, ಆ ಸಂಖ್ಯೆ 3,50,000 ಮುಟ್ಟಿದರೂ ಮುಟ್ಟೀತು ಎಂದು ಅದರ ಸಮಿತಿ ಲೆಕ್ಕ ಕೊಟ್ಟಿತು. ಕ್ಷಮೆಗೆ ನೂರು ವರ್ಷ ಹಿಡಿಯಿತು!

ಕೆತ್ತಿದ ಕಲ್ಲಾದರೂ ಶಾಶ್ವತವೇ? ಈಜಿಪ್ಟ್ ಮತ್ತು ಪ್ಯಾಲೆಸ್ಟೀನ್ ರಂಗದಲ್ಲಿ ಸತ್ತ ಸುಮಾರು 4,000 ಭಾರತೀಯರಿಗಾಗಿ ಸೂಯೆಜ್ ದಂಡೆಯ ಪೋರ್ಟ್ ತೌಫಿಕ್‌ನಲ್ಲಿ ಸ್ಮಾರಕ ಎದ್ದಿತ್ತು. 1967ರ ನಂತರದ ಅರಬ್–ಇಸ್ರೇಲ್ ಕದನಗಳಿಗೆ ಅದು ಸಿಕ್ಕಿ ಹಾಳಾಯಿತು, ಕೊನೆಗೆ ಕೆಡವಬೇಕಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸಮಾಧಿಭೂಮಿಯಲ್ಲಿ ಹೊಸದು ಬಂತು. ಅದೇ ರಂಗದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಗೆಲ್ಲುವಾಗ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಕುದುರೆಗಳೂ ಇದ್ದವು. ಅವರ ಸ್ಮಾರಕ ಸ್ತಂಭ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಬಸ್ಸು ಹತ್ತಿದರೆ ಸಾಕು, ಪಾಸ್‌ಪೋರ್ಟ್ ಬೇಡ.

ನಾಗಾಲ್ಯಾಂಡ್‌ನ ಕೊಹಿಮಾದಲ್ಲಿ ಕಥೆ ಬೇರೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1944ರಲ್ಲಿ ಜಪಾನೀಯರನ್ನು ತಡೆದ ಗ್ಯಾರಿಸನ್ ಗುಡ್ಡದಲ್ಲಿ ಟೆನಿಸ್ ಅಂಕಣದ ಗೆರೆಗಳನ್ನು ಇಂದಿಗೂ ಗುರುತಿಸಿಟ್ಟಿದ್ದಾರೆ. ಆ ಅಂಗಳದ ಆಚೆಬದಿ ಈಚೆಬದಿಯಲ್ಲಿ ನಿಂತೇ ಕಾದಾಡಿದ್ದರು. ಅದರ ಸುತ್ತ 1,420 ಸಮಾಧಿಗಳು. ಅವನ್ನೆಲ್ಲ ದಾಟಿ ಗುಡ್ಡದ ತುದಿಗೆ ಏರಿದರೆ, ದಹನಗೊಂಡ 917 ಹಿಂದೂ, ಸಿಖ್ ಯೋಧರ ಹೆಸರುಗಳು.

ಸ್ವತಂತ್ರ ಭಾರತದಲ್ಲೂ ಬಹುಕಾಲ ರಣರಂಗದ ಬಳಿಯೇ ಅಂತ್ಯಸಂಸ್ಕಾರ ನಡೆಯುತ್ತಿತ್ತು. 1962ರ ಚೀನಾ ಯುದ್ಧದಲ್ಲಿ ಲಡಾಖ್‌ನ ರೆಜಾಂಗ್ ಲಾದಲ್ಲಿ ಮಡಿದ ಯೋಧರ ದೇಹಗಳು ಹಿಮದಲ್ಲಿ ಸಿಕ್ಕಿದ್ದು ಮುಂದಿನ ವರ್ಷ, ಬಹುತೇಕರು ಚಿತೆ ಏರಿದ್ದು ಲಡಾಖ್‌ನಲ್ಲೇ. 1999ರ ಕಾರ್ಗಿಲ್ ಹೊತ್ತಿಗೆ ತ್ರಿವರ್ಣ ಹೊದೆಸಿದ ಪೆಟ್ಟಿಗೆಗಳು ಹಳ್ಳಿಹಳ್ಳಿಗೆ ಬಂದವು.

ಅದಕ್ಕೂ ಹಿಂದಿನವರಿಗೆ ಮನೆಯಲ್ಲಿ ಉಳಿದದ್ದು ಪಕ್ಷಮಾಸದ ಘಾತ ಚತುರ್ದಶಿ, ಆಯುಧದಿಂದ ಸತ್ತವರಿಗೆಂದೇ ಮೀಸಲಾದ ತಿಥಿ. ಸತ್ತ ದಿನ ಯಾವುದೆಂದು ಆಯೋಗದ ಕಡತ ತೆರೆದು ನೋಡುವ ಮೊಮ್ಮಕ್ಕಳು ಈಗ ಇದ್ದಾರೆ.