ಹೊಂಚು ಹಾಕುವವನಿಗೆ ಕೆಂಪಂಗಿ ಯಾಕೆ?

ಹೊಂಚು ಹಾಕಿ ಬದುಕುವ ಪ್ರಾಣಿ ಕಣ್ಣಿಗೆ ಬೀಳಬಾರದು. ಹಸಿರುಹಾವು ಎಲೆಗಳ ನಡುವೆ ಕರಗಿಹೋಗುವುದು ಅದಕ್ಕೇ. ಬೇರೆ ಕೀಟಗಳನ್ನು ಹಿಡಿದು ಹೀರುವ, ರೈನೊಕೊರಿಸ್ ಕುಲದ ಹಂತಕ ತಿಗಣೆಗಳಿಗೆ ಮಾತ್ರ ಈ ನಿಯಮ ಗೊತ್ತಿದ್ದಂತಿಲ್ಲ. ಯುರೋಪಿನ ರೈನೊಕೊರಿಸ್ ಇರಾಕುಂಡಸ್ ಕೆಂಪು-ಕಪ್ಪು ಮೈ ಹೊತ್ತು ಹಾಡಹಗಲೇ ಹೂವಿನ ಮೇಲೆ ಕೂತಿರುತ್ತದೆ. ಭಾರತದ ರೈನೊಕೊರಿಸ್ ಮಾರ್ಜಿನೇಟಸ್‌ನದೂ ಕೆಂಪು ವೇಷವೇ. ಆದರೂ ಎರಡಕ್ಕೂ ಊಟ ತಪ್ಪಿಲ್ಲ.

ಯಾರು ನೋಡುತ್ತಿದ್ದಾರೆ ಎಂದು ಕೇಳಿಕೊಂಡರೆ ಈ ಗಂಟು ಸಡಿಲವಾಗುತ್ತದೆ. ಹೂವಿಗೆ ಬರುವ ಜೇನ್ನೊಣದ ಕಣ್ಣು ನೇರಳಾತೀತ, ನೀಲಿ, ಹಸಿರನ್ನು ಹಿಡಿಯುತ್ತದೆ. ಕೆಂಪು ಅದಕ್ಕೆ ಹೆಚ್ಚುಕಡಿಮೆ ಕಪ್ಪು. ಹಕ್ಕಿಗೆ ಅದೇ ಕೆಂಪು ದೂರದಿಂದಲೇ ಎದ್ದು ಕಾಣುತ್ತದೆ. (ಎಲ್ಲ ಕೀಟಗಳೂ ಜೇನಿನಂತಲ್ಲ, ಕೆಲವು ಚಿಟ್ಟೆಗಳಿಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ.) ಬಣ್ಣ ಬೇಟೆಗೆ ಮಂಕು, ತನ್ನನ್ನು ತಿನ್ನಬರುವವರಿಗೆ ಢಾಳು.

ತಿನ್ನಬರುವವರಿಗೆ ಈ ಬಣ್ಣ ‘ಮುಟ್ಟಬೇಡ’ ಎಂಬ ಎಚ್ಚರಿಕೆ. ಆ ಎಚ್ಚರಿಕೆ ಹುಸಿಯೂ ಅಲ್ಲ. ತಲೆಯಡಿ ಮಡಚಿಟ್ಟ, ಬಾಗಿದ ಗಿಡ್ಡ ಸೊಂಡಿಲಿನೊಳಗೆ ಕೂದಲಿನಷ್ಟು ತೆಳ್ಳಗಿನ ಸೂಜಿಗಳಿವೆ. ನಡುವಿನ ಎರಡು ಸೂಜಿ ಬೆಸೆದಲ್ಲಿ ಎರಡು ನಾಳ: ಒಂದರಲ್ಲಿ ಜೊಲ್ಲು ಹೊರಕ್ಕೆ, ಇನ್ನೊಂದರಲ್ಲಿ ಊಟ ಒಳಕ್ಕೆ. ತಿಗಣೆ ಮುಂಗಾಲಿನಿಂದ ಮರಿಹುಳುವನ್ನು ಅಮುಕಿ ಹಿಡಿದು, ಮೆತ್ತನೆಯ ಜಾಗ ನೋಡಿ ಚುಚ್ಚುತ್ತದೆ. ಹುಳು ಸ್ವಲ್ಪ ಹೊರಳಾಡಿ ಸ್ತಬ್ಧವಾಗುತ್ತದೆ. ಜೊಲ್ಲಿನ ಕಿಣ್ವಗಳು ಒಳಗಿನ ಮಾಂಸವನ್ನು ನೀರಾಗಿಸುತ್ತವೆ, ತಿಗಣೆ ಹೀರುತ್ತದೆ. ಹುಳು ಸುಕ್ಕುಗಟ್ಟುತ್ತಾ ಬಂದು ಕೊನೆಗೆ ಬರೀ ತೊಗಲು ಉಳಿಯುತ್ತದೆ. ವಿಷವೂ ಅದೇ, ಜೀರ್ಣರಸವೂ ಅದೇ.

ನನಗೆ ಇದಕ್ಕಿಂತ ಸ್ವಾರಸ್ಯವೆನಿಸಿದ್ದು ಇವುಗಳ ಆಸ್ಟ್ರೇಲಿಯಾದ ನೆಂಟ ಪ್ರಿಸ್ತೆಸಾಂಕಸ್ ಪ್ಲಾಜಿಪೆನ್ನಿಸ್ ಬಗ್ಗೆ 2018ರಲ್ಲಿ ಪ್ರಕಟವಾದ ಸಂಶೋಧನೆ. ಅದರ ವಿಷಗ್ರಂಥಿಯಲ್ಲಿ ಎರಡು ಕೋಣೆಗಳು, ಎರಡು ಬೇರೆ ವಿಷಗಳು. ಹಿಂದಿನ ಕೋಣೆಯದು ಕೀಟವನ್ನು ಕೆಡವುವುದಕ್ಕೆ. ಯಾರಾದರೂ ಕಾಟ ಕೊಟ್ಟಾಗ ಹೊರಬರುವ ಮುಂದಿನ ಕೋಣೆಯ ವಿಷಕ್ಕೆ ಕೀಟವನ್ನು ಸ್ತಬ್ಧಗೊಳಿಸುವ ಶಕ್ತಿಯೇ ಇಲ್ಲ; ಅದು ಶತ್ರುವಿಗೆಂದೇ ಇಟ್ಟದ್ದು.

ಹಂತಕ ತಿಗಣೆಯನ್ನು ಬೆರಳಲ್ಲಿ ಹಿಡಿದರೆ ಸೊಂಡಿಲ ತುದಿಯನ್ನು ಎದೆಯಡಿಯ ಗೀರುಗೀರಾದ ತೋಡಿಗೆ ಉಜ್ಜಿ ಕಿರ್ರೆನ್ನುತ್ತದೆ. ಬಿಡದಿದ್ದರೆ ಕುಟುಕುತ್ತದೆ, ಉರಿ ಜೋರು.

ಇನ್ನು ಹೆಣ್ಣಿನ ನೋಟ. ಆಫ್ರಿಕಾದ ರೈನೊಕೊರಿಸ್ ಟ್ರಿಸ್ಟಿಸ್‌ನಲ್ಲಿ ಮೊಟ್ಟೆ ಕಾಯುವುದು ಗಂಡು. ಈಗಾಗಲೇ ಮೊಟ್ಟೆ ಕಾಯುತ್ತಿರುವ ಗಂಡೇ ಹೆಣ್ಣುಗಳಿಗೆ ಹೆಚ್ಚು ಇಷ್ಟ. ಹಾಗಾಗಿ ಗಂಡುಗಳು ಮೊಟ್ಟೆಗಾಗಿಯೇ ಕಿತ್ತಾಡುತ್ತವೆ, ಬೇರೆಯವರ ಮೊಟ್ಟೆಯನ್ನು ವಶಮಾಡಿಕೊಂಡು ಕಾಯುವುದೂ ಉಂಟು. ಕಾವಲು ಕೂತ ಮೇಲೆ ಬೇಟೆಗೆ ಬಿಡುವು ಕಮ್ಮಿ. ಆಗ ಅಪ್ಪ ಒಂದಷ್ಟು ಮೊಟ್ಟೆಗಳನ್ನು ತಾನೇ ಹೀರುತ್ತದೆ. ಅದೂ ಹೆಚ್ಚಾಗಿ ಅಂಚಿನವನ್ನು, ಅಂದರೆ ಪರಾವಲಂಬಿ ಕಣಜ ಮೊದಲೇ ಹಾಳುಮಾಡಿರುವ ಸಾಧ್ಯತೆ ಹೆಚ್ಚಿರುವ ಮೊಟ್ಟೆಗಳನ್ನು.