ನಾಲ್ಕು ಸೀಟಿದ್ದರೆ ನಾಲ್ಕು ಜನ ಹಾರಬಹುದೇ?

ಲಘು ವಿಮಾನ ಕೊಳ್ಳಲು ಹೊರಟವರು ಮೊದಲು ಸೀಟು ಎಣಿಸುತ್ತಾರೆ, ಆಮೇಲೆ ವೇಗ ಕೇಳುತ್ತಾರೆ. ಎರಡೂ ದಾರಿ ತಪ್ಪಿಸುತ್ತವೆ. ಕೇಳಬೇಕಾದದ್ದು, ಎಷ್ಟು ತೂಕ ಹೊತ್ತು, ಎಂಥ ಗಾಳಿಯಲ್ಲಿ ಮೇಲೇಳಬೇಕು ಎಂದು.

ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಸೆಸ್ನಾ 172. ಅದರ 172ಎಸ್ ಮಾದರಿಯನ್ನೇ ತೆಗೆದುಕೊಳ್ಳೋಣ. ಟೇಕಾಫ್‌ನ ಗರಿಷ್ಠ ತೂಕ 1,157 ಕಿಲೋ. ಖಾಲಿ ವಿಮಾನವೇ ಸುಮಾರು 765 ಕಿಲೋ ತೂಗುತ್ತದೆ. ಉಳಿದ 390 ಕಿಲೋದೊಳಗೆ ಇಂಧನ, ಜನ, ಬ್ಯಾಗು ಎಲ್ಲವೂ ಮುಗಿಯಬೇಕು. ಟ್ಯಾಂಕು ತುಂಬಿದರೆ 200 ಲೀಟರ್ ಏವ್‌ಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲ್), ಅಂದರೆ 144 ಕಿಲೋ. ಇನ್ನು 80 ಕಿಲೋದ ಮೂವರಿಗೆ ಮಾತ್ರ ಜಾಗ. ನಾಲ್ಕನೆಯವರು ಹತ್ತಿದರೆ ನೂರು ಲೀಟರಿಗೂ ಹೆಚ್ಚು ಇಂಧನ ಇಳಿಸಬೇಕು. ಮುಕ್ಕಾಲು ಗಂಟೆಯ ಮೀಸಲು ಕಳೆದರೆ ಎರಡು ಗಂಟೆಯ ಹಾರಾಟವೂ ಕಷ್ಟ. ಹಿಂದಿನ ಸೀಟಿಗೆ ತೂಕದವರನ್ನು ಕೂರಿಸಿದರೆ ಗುರುತ್ವ ಕೇಂದ್ರ ಹಿಂದೆ ಸರಿದು, ಸ್ಟಾಲ್ ಆದಾಗ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡಾಗ, ಮೂಗು ಇಳಿಸುವುದೇ ಕಠಿಣವಾಗುತ್ತದೆ.

ಇನ್ನು ಗಾಳಿ. ಎತ್ತರ ಹೆಚ್ಚಿದಷ್ಟೂ, ಬಿಸಿ ಹೆಚ್ಚಿದಷ್ಟೂ ಅದು ತೆಳುವಾಗುತ್ತದೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದಲ್ಲಿ (ಲೆಕ್ಕಕ್ಕೆಂದು ಒಪ್ಪಿಕೊಂಡ ಮಾದರಿ ಗಾಳಿ) ಆ ಎತ್ತರದ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಅದು 35. ಹೆಚ್ಚಾದ ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಸೇರಿಸಿ: 26 ಡಿಗ್ರಿಗೆ 3,120 ಅಡಿ. ರನ್‌ವೇ 3,000 ಅಡಿಯಲ್ಲಿದ್ದರೂ ವಿಮಾನದ ಪಾಲಿಗೆ ಅದು 6,000 ಅಡಿ ದಾಟಿದ ಬೆಟ್ಟ. ಪೈಲಟ್‌ಗಳು ಇದನ್ನೇ ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ.

ತೆಳು ಗಾಳಿಯ ಏಟು ಒಂದೇ ಕಡೆ ಬೀಳುವುದಿಲ್ಲ. ಸಿಲಿಂಡರಿಗೆ ಆಮ್ಲಜನಕ ಕಡಿಮೆಯಾಗಿ 180 ಅಶ್ವಶಕ್ತಿಯ ಎಂಜಿನ್ 150ಕ್ಕೂ ಕೆಳಗಿಳಿಯುತ್ತದೆ. ಪ್ರೊಪೆಲ್ಲರಿಗೆ ಹಿಂದಕ್ಕೆ ತಳ್ಳಲು ಸಿಗುವ ಗಾಳಿಯೂ ಕಡಿಮೆ. ರೆಕ್ಕೆ ಅಷ್ಟೇ ಭಾರ ಎತ್ತಬೇಕಾದರೆ ಸುಮಾರು ಶೇ. 9ರಷ್ಟು ಹೆಚ್ಚು ವೇಗ ಬೇಕು. ಮೋಸವೆಂದರೆ, ಗಾಳಿಯ ಒತ್ತಡದಿಂದ ನಡೆಯುವ ವೇಗಮಾಪಕದ ಮುಳ್ಳು ಎಂದಿನ ಅಂಕಿಯನ್ನೇ ತೋರಿಸುತ್ತದೆ, ರನ್‌ವೇ ಮಾತ್ರ ಬೇಗ ಮುಗಿಯುತ್ತದೆ. ಸಮುದ್ರಮಟ್ಟದ 15 ಡಿಗ್ರಿಯಲ್ಲಿ ಸುಮಾರು 290 ಮೀಟರಿನಲ್ಲಿ ನೆಲ ಬಿಡುವ 172ಎಸ್‌ಗೆ ಇಲ್ಲಿ ಒಂದೂವರೆ ಪಟ್ಟು ಓಟ ಬೇಕು. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಕಿಟ್ಟಿ ಹಾಕ್ ಬಳಿಯ ಕಡಲ ದಂಡೆಯಲ್ಲಿ ಹಾರಿದಾಗ ನೀರು ಹೆಪ್ಪುಗಟ್ಟುವಷ್ಟು ಚಳಿಯಿತ್ತು, ಎದುರುಗಾಳಿ ಬೀಸುತ್ತಿತ್ತು. ಹನ್ನೆರಡು ಅಶ್ವಶಕ್ತಿಯ ಅವರ ಎಂಜಿನ್‌ಗೆ ಆ ದಟ್ಟ ಗಾಳಿ ದೊಡ್ಡ ಆಸರೆಯಾಗಿತ್ತು.

ಆದ್ದರಿಂದ ನೀವು ಹಾರುವ ಅತಿ ಬಿಸಿಯ, ಅತಿ ಎತ್ತರದ, ಅತಿ ಗಿಡ್ಡ ರನ್‌ವೇಯನ್ನು ಮೊದಲು ಬರೆದಿಟ್ಟು, ವಿಮಾನದ ಕೈಪಿಡಿಯ ಕೋಷ್ಟಕವನ್ನು ಅದಕ್ಕೇ ಹೊಂದಿಸಿ ಓದಿ. ಎತ್ತರದಲ್ಲೇ ಹೆಚ್ಚು ಹಾರಾಟವಿದ್ದರೆ ಟರ್ಬೋ (ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಸಾಧನ) ಇರುವ ಎಂಜಿನ್ ನೋಡಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ತನ್ನ ಎರಡು ಸೀಟಿನ ಹಂಸ-3ಕ್ಕೆ ಟರ್ಬೋ ಇರುವ ರೋಟ್ಯಾಕ್ಸ್ 914 ಎಂಜಿನ್ ಕೂರಿಸಿತ್ತು. ಡೈಮಂಡ್ ಡಿಎ40 ಎನ್‌ಜಿಯ ಟರ್ಬೋ ಡೀಸೆಲ್ ಎಂಜಿನ್‌ಗೆ ಇನ್ನೊಂದು ಅನುಕೂಲವಿದೆ: ಅದು ದೊಡ್ಡ ವಿಮಾನಗಳ ಜೆಟ್ ಇಂಧನವನ್ನೇ ಕುಡಿಯುತ್ತದೆ. ಭಾರತದಲ್ಲಿ ಏವ್‌ಗ್ಯಾಸ್ ಎಲ್ಲ ನಿಲ್ದಾಣಗಳಲ್ಲೂ ಸಿಗುವುದಿಲ್ಲ.

ವೇಗದ ಮೋಹಕ್ಕೂ ಲೆಕ್ಕ ಹಾಕಿ. 300 ಕಿಲೋಮೀಟರಿಗೆ ಸೆಸ್ನಾ (ಗಂಟೆಗೆ 230) 78 ನಿಮಿಷ ತೆಗೆದುಕೊಂಡರೆ, 310 ಅಶ್ವಶಕ್ತಿಯ ಸಿರಸ್ ಎಸ್ಆರ್22 (ಸುಮಾರು 330) 55 ನಿಮಿಷ. ಉಳಿಯುವುದು 23 ನಿಮಿಷ. ವಾರಕ್ಕೊಮ್ಮೆ ಸಾವಿರ ಕಿಲೋಮೀಟರ್ ಹಾರುವವರಿಗೆ ಅದು ದೊಡ್ಡದು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಸುತ್ತಿ ಬರುವವರಿಗೆ ಎರಡು ಸೀಟೇ ಧಾರಾಳ.

ಹಳೆಯ ವಿಮಾನ ಕೊಳ್ಳುವವರು ‘ಕಡಿಮೆ ಹಾರಿದ ಎಂಜಿನ್’ ಎಂಬ ಮಾತಿಗೆ ಮರುಳಾಗಬಾರದು. ಲೈಕಮಿಂಗ್ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯುವ ದಂಡ) ಮೇಲ್ಗಡೆ ಇರುತ್ತದೆ. ತಿಂಗಳುಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ. ಕರಾವಳಿಯ ತೇವದಲ್ಲಿ ಇನ್ನೂ ಬೇಗ. ಆಮೇಲೆ ಹಾರಿಸಿದಾಗ ಕ್ಯಾಮ್ ಸವೆದು ಕಬ್ಬಿಣದ ಪುಡಿ ಎಣ್ಣೆಗಿಳಿಯುತ್ತದೆ. ಮುಂಗಡ ಕೊಡುವ ಮೊದಲು ಆಯಿಲ್ ಫಿಲ್ಟರನ್ನು ಕತ್ತರಿಸಿ ಬಿಡಿಸಿ, ಅದರೊಳಗಿನ ಕಾಗದದ ಮಡಿಕೆಗಳ ಮೇಲೆ ಅಯಸ್ಕಾಂತ ಆಡಿಸಲು ಮೆಕ್ಯಾನಿಕ್‌ಗೆ ಹೇಳಿ.