ಬೇಸ್ ಫಾರ್ಮ್‌ನಲ್ಲಿ ಹೆಸರು ತೋರಿಸಿ ಸಂಖ್ಯೆ ಉಳಿಸುವ ಬಗೆ

ಈ ಟಿಪ್ಪಣಿಗೆ ಲಿಬ್ರೆಆಫೀಸ್‌ನ ಡೇಟಾಬೇಸ್ ತಂತ್ರಾಂಶವಾದ ಬೇಸ್‌ನಲ್ಲಿ ಕಟ್ಟಿದ ಒಂದು ಸಣ್ಣ ಗ್ರಂಥಾಲಯದ ಡೇಟಾಬೇಸ್ ಆಧಾರ. ಅದರಲ್ಲಿ ಓದುಗರು, ಪುಸ್ತಕಗಳು, ಎರವಲು ಎಂಬ ಮೂರು ಟೇಬಲ್‌ಗಳಿವೆ. ಎರವಲು ಟೇಬಲ್‌ನಲ್ಲಿ ಓದುಗನ ಹೆಸರಾಗಲಿ ಪುಸ್ತಕದ ಶೀರ್ಷಿಕೆಯಾಗಲಿ ಇರುವುದಿಲ್ಲ; ಓದುಗ ಸಂಖ್ಯೆ ಮತ್ತು ಪುಸ್ತಕ ಸಂಖ್ಯೆ ಮಾತ್ರ ಫಾರಿನ್ ಕೀಗಳಾಗಿ, ಅಂದರೆ ಬೇರೆ ಟೇಬಲ್‌ನ ಸಾಲನ್ನು ಸೂಚಿಸುವ ಸಂಖ್ಯೆಗಳಾಗಿ, ಇರುತ್ತವೆ. ಟೇಬಲ್ ರಚನೆ ಮತ್ತು ಹಂತ ಹಂತವಾಗಿ ಫಾರ್ಮ್ ಕಟ್ಟಿಕೊಡುವ ಫಾರ್ಮ್ ವಿಝಾರ್ಡ್ ಸುಲಭವಾದ್ದರಿಂದ ಅವುಗಳನ್ನು ಇಲ್ಲಿ ವಿವರಿಸುವುದಿಲ್ಲ.

ವಿಝಾರ್ಡ್ ಕೊಡುವ ಎರವಲು ಫಾರ್ಮ್‌ನಲ್ಲಿ ಓದುಗ ಸಂಖ್ಯೆಗೆ ಬರಿಯ ಒಂದು ಪೆಟ್ಟಿಗೆ ಇರುತ್ತದೆ. ನಮೂದಿಸುವವರು 17 ಯಾರ ಸಂಖ್ಯೆ ಎಂದು ನೆನಪಿಟ್ಟುಕೊಳ್ಳುವುದು ಸಾಧ್ಯವಿಲ್ಲದ ಮಾತು. ಆದ್ದರಿಂದ ಕಣ್ಣಿಗೆ ಹೆಸರು ಕಾಣಬೇಕು, ಟೇಬಲ್‌ಗೆ ಸಂಖ್ಯೆ ಹೋಗಬೇಕು. ನನಗೆ ಎರಡು ದಿನ ಹಿಡಿದದ್ದು ಈ ಒಂದೇ ಹೆಜ್ಜೆ.

ನನ್ನ ಮೊದಲ ತಪ್ಪು ಕಾಂಬೊ ಬಾಕ್ಸ್, ಅಂದರೆ ಪಟ್ಟಿಯಿಂದ ಆರಿಸಲೂ ಟೈಪ್ ಮಾಡಲೂ ಬರುವ ಪೆಟ್ಟಿಗೆ, ಆರಿಸಿದ್ದು. ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಕಲಿತವರಿಗೆ ಇದು ಸಹಜವಾದ ಆಯ್ಕೆ. ಅಲ್ಲಿ ಕಾಂಬೊ ಬಾಕ್ಸ್‌ನ ಮೊದಲ ಕಾಲಂನಲ್ಲಿ ಸಂಖ್ಯೆಯನ್ನಿಟ್ಟು, ಅದರ ಅಗಲವನ್ನು 0 ಮಾಡಿ ಮರೆಮಾಡಿ, ಎರಡನೆಯ ಕಾಲಂನ ಹೆಸರನ್ನು ತೋರಿಸುವುದು ವಾಡಿಕೆ. ಬೇಸ್‌ನ ಕಾಂಬೊ ಬಾಕ್ಸ್ ಹಾಗಲ್ಲ: ಅದು ತನ್ನಲ್ಲಿ ಕಾಣುವ ಪಠ್ಯವನ್ನೇ ಫೀಲ್ಡಿಗೆ (ಟೇಬಲ್‌ನ ಕಾಲಂಗೆ) ಕಳುಹಿಸುತ್ತದೆ. ಊರಿನ ಹೆಸರಿನಂಥ ಪಠ್ಯದ ಫೀಲ್ಡಿಗೆ ಅದು ಸರಿ. ಫಾರಿನ್ ಕೀಗೆ ಬೇಕಾದದ್ದು ಲಿಸ್ಟ್ ಬಾಕ್ಸ್, ಅಂದರೆ ಪಟ್ಟಿಯಿಂದ ಆರಿಸಲು ಮಾತ್ರ ಬರುವ ಪೆಟ್ಟಿಗೆ. ಫಾರ್ಮನ್ನು ಎಡಿಟ್‌ಗೆ ತೆರೆದು, ಆ ಪೆಟ್ಟಿಗೆಯ ಮೇಲೆ ಬಲ ಕ್ಲಿಕ್ ಮಾಡಿ, 'ರಿಪ್ಲೇಸ್ ವಿತ್' ಮೆನುವಿನಲ್ಲಿ ಲಿಸ್ಟ್ ಬಾಕ್ಸ್ ಆರಿಸಿದರೆ ಹೊಸದಾಗಿ ಎಳೆಯುವ ಕೆಲಸ ತಪ್ಪುತ್ತದೆ.

ಇನ್ನು ಲಿಸ್ಟ್ ಬಾಕ್ಸ್‌ನ ಪ್ರಾಪರ್ಟೀಸ್ ಕಿಟಕಿಯಲ್ಲಿರುವ ಡೇಟಾ ಟ್ಯಾಬ್. ಅಲ್ಲಿ 'ಡೇಟಾ ಫೀಲ್ಡ್' ಎಂದರೆ ಎರವಲು ಟೇಬಲ್‌ನ ಓದುಗ ಸಂಖ್ಯೆ, ಅಂದರೆ ಆರಿಸಿದ ಸಂಖ್ಯೆ ಹೋಗಿ ಸೇರುವ ಜಾಗ. 'ಲಿಸ್ಟ್ ಕಂಟೆಂಟ್' ಎಂದರೆ ಪಟ್ಟಿ ಬರುವ ಮೂಲ. ಅದರ ಬಗೆಯನ್ನು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಎಂದು ಇಟ್ಟು, ಓದುಗರು ಟೇಬಲ್‌ನಿಂದ ಹೆಸರು ಮೊದಲು, ಓದುಗ ಸಂಖ್ಯೆ ಆಮೇಲೆ ಬರುವಂತೆ ಸೆಲೆಕ್ಟ್ ವಾಕ್ಯ ಬರೆದು, ಪಟ್ಟಿ ಹೆಸರಿನ ಪ್ರಕಾರ ಜೋಡಣೆಯಾಗುವಂತೆ ಆರ್ಡರ್ ಬೈ ಹಾಕಬೇಕು. ಈ ಕ್ರಮವೇ ಮುಖ್ಯ, ಏಕೆಂದರೆ ಬೇಸ್ ಯಾವಾಗಲೂ ಮೊದಲ ಕಾಲಂ ಅನ್ನೇ ತೋರಿಸುತ್ತದೆ. ಉಳಿಸಬೇಕಾದ ಕಾಲಂ ಯಾವುದೆಂದು ಹೇಳುವುದು 'ಬೌಂಡ್ ಫೀಲ್ಡ್'. ಅದರ ಎಣಿಕೆ 0ಯಿಂದ ಆರಂಭವಾಗುತ್ತದೆ: ಹೆಸರು 0, ಸಂಖ್ಯೆ 1. ಆದ್ದರಿಂದ ಇಲ್ಲಿ 1 ಇರಬೇಕು. ಆಕ್ಸೆಸ್‌ನ 'ಬೌಂಡ್ ಕಾಲಂ' ಎಣಿಕೆ 1ರಿಂದ ಆರಂಭವಾಗುತ್ತದೆ. ಅಲ್ಲಿನ 1 ಮೊದಲ ಕಾಲಂ, ಇಲ್ಲಿನ 1 ಎರಡನೆಯದು. ನಾನು ಅಲ್ಲಿನ ರೂಢಿಯಂತೆ ಸಂಖ್ಯೆಯನ್ನು ಮೊದಲು ಬರೆದು 1 ಅನ್ನು ಹಾಗೆಯೇ ಬಿಟ್ಟಿದ್ದರಿಂದ, ಪಟ್ಟಿಯಲ್ಲಿ ಸಂಖ್ಯೆಗಳು ಕಂಡವು ಮತ್ತು ಬೇಸ್ ಹೆಸರನ್ನು ಒಯ್ದು ಪೂರ್ಣಾಂಕದ ಫೀಲ್ಡಿಗೆ ಹಾಕಲು ಹೊರಟಿತು.

ಸರಿಯಾಗಿದೆಯೇ ಎಂದು ತಿಳಿಯಲು ಒಂದು ನಮೂದು ಉಳಿಸಿ ಎರವಲು ಟೇಬಲ್ ಅನ್ನೇ ತೆರೆದು ನೋಡಬೇಕು. ಅಲ್ಲಿ 17 ಎಂದಿದ್ದರೆ ಫಾರ್ಮ್ ಸರಿ. ಒಂದೇ ಹೆಸರಿನ ಇಬ್ಬರು ಓದುಗರಿದ್ದರೆ, ಸೆಲೆಕ್ಟ್ ವಾಕ್ಯದ ಮೊದಲ ಕಾಲಂನಲ್ಲಿಯೇ ಹೆಸರು ಮತ್ತು ಊರನ್ನು || ಚಿಹ್ನೆಯಿಂದ ಜೋಡಿಸುವುದು ನನಗೆ ತುಂಬ ಇಷ್ಟವಾದ ಉಪಾಯ; ಉಳಿಯುವ ಸಂಖ್ಯೆಗೆ ಅದರಿಂದ ಯಾವ ಬದಲಾವಣೆಯೂ ಆಗುವುದಿಲ್ಲ.

ಓದುಗರನ್ನು ಮುಖ್ಯ ಫಾರ್ಮ್ ಮಾಡಿ ಎರವಲನ್ನು ಅದರೊಳಗಿನ ಸಬ್‌ಫಾರ್ಮ್ ಆಗಿ ಇಟ್ಟರೆ, ಎರಡೂ ಕಡೆಯ ಓದುಗ ಸಂಖ್ಯೆಯನ್ನು ಲಿಂಕ್ ಮಾಡಿದ ಮೇಲೆ ಅದು ತಾನಾಗಿಯೇ ತುಂಬುತ್ತದೆ, ಪುಸ್ತಕಕ್ಕೆ ಮಾತ್ರ ಲಿಸ್ಟ್ ಬಾಕ್ಸ್ ಸಾಕು. ಆದರೆ ಫಾರ್ಮ್ ತೆರೆದಿರುವಾಗಲೇ ಬೇರೆಡೆ ಹೊಸ ಪುಸ್ತಕ ಸೇರಿಸಿದರೆ ಅದು ಪಟ್ಟಿಯಲ್ಲಿ ಕೂಡಲೇ ಕಾಣುವುದಿಲ್ಲ. ಕರ್ಸರನ್ನು ಆ ಲಿಸ್ಟ್ ಬಾಕ್ಸ್‌ನಲ್ಲಿ ಇರಿಸಿ, ನ್ಯಾವಿಗೇಶನ್ ಟೂಲ್‌ಬಾರ್‌ನ 'ರಿಫ್ರೆಶ್ ಕಂಟ್ರೋಲ್' ಗುಂಡಿಯನ್ನು ಒತ್ತಬೇಕು.